ಮೆಡಿಕಲ್-ಸರ್ಜಿಕಲ್ ನರ್ಸಿಂಗ್ ರಿವಿಷನ್: ಪುಸ್ತಕವನ್ನು ಹಿಂದಿನಿಂದ ಓದುವ ಕ್ರಮ

‘ಹೃದಯಾಘಾತದ ವ್ಯಾಖ್ಯೆ, ಕಾರಣ, ಲಕ್ಷಣ, ಚಿಕಿತ್ಸೆ ಬರೆಯಿರಿ’ ಎಂದರೆ ನಾಲ್ಕು ಪುಟ ತುಂಬಿಸುವ ವಿದ್ಯಾರ್ಥಿಗಳಿದ್ದಾರೆ. ಅವರನ್ನೇ ‘ಎದೆನೋವಿನ ರೋಗಿ ಬಂದಿದ್ದಾರೆ, ಬಿಪಿ 86/50, ಕೇಸ್ ಶೀಟಿನಲ್ಲಿ ನೈಟ್ರೊಗ್ಲಿಸರಿನ್ ಬರೆದಿದೆ, ಈಗ ಏನು ಮಾಡುತ್ತೀರಿ?’ ಎಂದು ಕೇಳಿದರೆ ಪೆನ್ನು ನಿಂತುಬಿಡುತ್ತದೆ. ಜಿಎನ್‌ಎಂ ಎರಡನೇ ವರ್ಷದವರಿಗೂ, ಬಿಎಸ್ಸಿ ನರ್ಸಿಂಗ್‌ನ ಅಡಲ್ಟ್ ಹೆಲ್ತ್ ನರ್ಸಿಂಗ್ ಪೇಪರ್ ಬರೆಯುವವರಿಗೂ, ನರ್ಸಿಂಗ್ ಆಫೀಸರ್ ಹುದ್ದೆಯ ಪರೀಕ್ಷೆಗೆ ಕೂರುವವರಿಗೂ ಪೆಟ್ಟು ಬೀಳುವುದು ಇದೇ ಜಾಗದಲ್ಲಿ.

ಪಠ್ಯಪುಸ್ತಕ ವ್ಯಾಖ್ಯೆಯಿಂದ ಶುರುವಾಗಿ ನರ್ಸಿಂಗ್ ಆರೈಕೆಯಲ್ಲಿ ಮುಗಿಯುತ್ತದೆ. ಓದುವವರು ಆ ಕೊನೆಯ ಪುಟಕ್ಕೆ ಬರುವಷ್ಟರಲ್ಲಿ ದಣಿದಿರುತ್ತಾರೆ, ಅಲ್ಲಿ ಕಣ್ಣಾಡಿಸಿ ಮುಂದಿನ ಕಾಯಿಲೆಗೆ ಹೋಗುತ್ತಾರೆ. ಪ್ರಶ್ನೆ ಬರುವುದು ಆ ಕೊನೆಯ ಪುಟದಿಂದ. ಆದ್ದರಿಂದ ರಿವಿಷನ್ ಮಾಡುವಾಗ ದಾರಿಯನ್ನು ತಿರುಗಿಸಬೇಕು. ಹಾಸಿಗೆಯ ಪಕ್ಕ ಏನು ಕಾಣುತ್ತದೆ, ಮೊದಲು ಏನು ಮಾಡಬೇಕು, ಯಾವ ಔಷಧಿಯನ್ನು ಯಾವಾಗ ಕೊಡಬಾರದು ಎಂಬುದರಿಂದ ಹೊರಟು ಕಾರಣದ ಕಡೆಗೆ ಹೋಗಬೇಕು.

ಕೆಳಗಿನ ಕ್ರಮಕ್ಕೆ ದಿನಕ್ಕೆ 2 ಗಂಟೆಯಂತೆ ಸುಮಾರು 6 ವಾರ ಬೇಕು. ಹಂತಗಳನ್ನು ಹಾರಿಸಬೇಡಿ. 1 ಮತ್ತು 2 ಗಟ್ಟಿಯಾಗದೆ 3ಕ್ಕೆ ಹೋದರೆ ಮತ್ತೆ ಬಾಯಿಪಾಠಕ್ಕೇ ಮರಳುತ್ತೀರಿ.

## ಬೇಕಾದ ಸಾಮಗ್ರಿ

ಗೆರೆಯಿಲ್ಲದ ಎ4 ಹಾಳೆ ಒಂದು ಕಟ್ಟು, ತಪ್ಪುಗಳಿಗಾಗಿಯೇ ಇಟ್ಟ ಒಂದು ಚಿಕ್ಕ ನೋಟ್‌ಬುಕ್, ನಿಮ್ಮ ಸಿಲಬಸ್ ಪ್ರತಿ, ಒಂದೇ ಒಂದು ಪಠ್ಯಪುಸ್ತಕ, ಒಂದು ಡ್ರಗ್ ಬುಕ್. ಎರಡು ಮೂರು ಲೇಖಕರ ಪುಸ್ತಕ ಹರಡಿಕೊಂಡರೆ ಮಿತಿಗಳು ಅಲ್ಲಲ್ಲಿ ಬೇರೆಯಾಗಿ ಕಂಡು ಗೊಂದಲವಾಗುತ್ತದೆ. ಲೆಕ್ಕಗಳನ್ನು ಕೈಯಲ್ಲೇ ಮಾಡಿ, ಮೊಬೈಲ್ ಕ್ಯಾಲ್ಕುಲೇಟರ್ ಮುಟ್ಟಬೇಡಿ.

ಇಲ್ಲಿ ಕೊಟ್ಟಿರುವ ಪ್ರಮಾಣಗಳು ವಯಸ್ಕರಿಗೆ, ಓದಿಗಾಗಿ. ವಾರ್ಡಿನಲ್ಲಿ ಡಾಕ್ಟರ ಲಿಖಿತ ಆದೇಶ ಮತ್ತು ನಿಮ್ಮ ಆಸ್ಪತ್ರೆಯ ಪ್ರೋಟೊಕಾಲ್ ಇಲ್ಲದೆ ಯಾವುದನ್ನೂ ಕೊಡುವಂತಿಲ್ಲ.

## ಹಂತ 1: ಅಂಕಿಗಳು (3 ದಿನ)

ಮೊದಲ ಹಾಳೆಯಲ್ಲಿ ಇವನ್ನು ಬರೆದು ಗೋಡೆಗೆ ಅಂಟಿಸಿ:

- ಸೋಡಿಯಂ 135–145, ಪೊಟ್ಯಾಶಿಯಂ 3.5–5.0 (ಲೀಟರಿಗೆ ಮಿಲಿ ಇಕ್ವಿವಲೆಂಟ್)
- ಕ್ಯಾಲ್ಶಿಯಂ 8.5–10.5, ಕ್ರಿಯಾಟಿನಿನ್ 0.6–1.2 (ಡೆಸಿಲೀಟರಿಗೆ ಮಿ.ಗ್ರಾಂ)
- ಪಿಎಚ್ 7.35–7.45, ಕಾರ್ಬನ್ ಡೈ ಆಕ್ಸೈಡ್ 35–45, ಬೈಕಾರ್ಬನೇಟ್ 22–26
- ಪ್ಲೇಟ್‌ಲೆಟ್ 1.5–4.5 ಲಕ್ಷ, ಬಿಳಿ ರಕ್ತಕಣ 4,000–11,000
- ವಾರ್ಫರಿನ್ (ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆ) ತೆಗೆದುಕೊಳ್ಳುವವರ ಐಎನ್‌ಆರ್ (ರಕ್ತ ಹೆಪ್ಪುಗಟ್ಟುವುದನ್ನು ಅಳೆಯುವ ಅಂಕಿ) ಸಾಮಾನ್ಯವಾಗಿ 2–3
- ಮೂತ್ರ ಗಂಟೆಗೆ ಕೆ.ಜಿ.ಗೆ 0.5 ಮಿ.ಲೀ.; ಗಂಟೆಗೆ 30 ಮಿ.ಲೀ.ಗಿಂತ ಕಡಿಮೆಯಾದರೆ ತಿಳಿಸಬೇಕು
- ಗ್ಲಾಸ್ಗೋ ಕೋಮಾ ಸ್ಕೇಲ್ 3–15. 8 ಅಥವಾ ಕೆಳಗಿದ್ದರೆ ಶ್ವಾಸನಾಳದ ರಕ್ಷಣೆಯ ಯೋಚನೆ

ಅಂಕಿಯನ್ನು ಒಂಟಿಯಾಗಿ ಕಲಿಯಬೇಡಿ. ಪ್ರತಿಯೊಂದರ ಪಕ್ಕದಲ್ಲಿ ‘ಇದು ಏರಿದರೆ ರೋಗಿಯ ಮೈಮೇಲೆ ಏನು ಕಾಣುತ್ತದೆ, ಇಳಿದರೆ ಏನು’ ಎಂದು ಒಂದೊಂದು ಸಾಲು ಬರೆಯಿರಿ. ಬೆಳಿಗ್ಗೆ ಖಾಲಿ ಹಾಳೆ ತೆಗೆದುಕೊಂಡು ಎಲ್ಲವನ್ನೂ ನೋಡದೆ ಬರೆಯಲು 4 ನಿಮಿಷ ಸಾಕಾದ ದಿನ ಈ ಹಂತ ಮುಗಿಯಿತು.

## ಹಂತ 2: ದ್ರವ, ಪೊಟ್ಯಾಶಿಯಂ, ಎಬಿಜಿ (5 ದಿನ)

ಹೃದಯ, ಕಿಡ್ನಿ, ಸಕ್ಕರೆ ಕಾಯಿಲೆ, ಸುಟ್ಟಗಾಯ, ವಾಂತಿ-ಭೇದಿ ಎಲ್ಲವೂ ಕೊನೆಗೆ ಬಂದು ಸೇರುವುದು ಇಲ್ಲಿಗೆ. ಅದಕ್ಕೇ ಇದು ಎರಡನೇ ಹಂತ.

ಪೊಟ್ಯಾಶಿಯಂಗೆ ಒಂದು ಇಡೀ ದಿನ ಕೊಡಿ. ಕಡಿಮೆಯಾದಾಗ ಕಾಲಿನ ಸ್ನಾಯು ಸೋಲುತ್ತದೆ, ಹೊಟ್ಟೆ ಉಬ್ಬುತ್ತದೆ, ಇಸಿಜಿಯಲ್ಲಿ ಟಿ ಅಲೆ ಚಪ್ಪಟೆಯಾಗಿ ಯು ಅಲೆ ಕಾಣುತ್ತದೆ. ಹೆಚ್ಚಾದಾಗ ಟಿ ಅಲೆ ಚೂಪಾಗಿ ಏಳುತ್ತದೆ, ಕ್ಯೂಆರ್‌ಎಸ್ ಅಗಲವಾಗುತ್ತದೆ, ಕೊನೆಗೆ ಹೃದಯ ನಿಲ್ಲುತ್ತದೆ. ಚಿಕಿತ್ಸೆಯನ್ನು ಮೂರು ಮೆಟ್ಟಿಲಲ್ಲಿ ನೆನಪಿಡಿ. ಹೃದಯವನ್ನು ಕಾಪಾಡಲು 10% ಕ್ಯಾಲ್ಶಿಯಂ ಗ್ಲುಕೋನೇಟ್ 10 ಮಿ.ಲೀ. ನಿಧಾನವಾಗಿ, ಪೊಟ್ಯಾಶಿಯಂ ಅನ್ನು ಜೀವಕೋಶದೊಳಗೆ ತಳ್ಳಲು 10 ಯೂನಿಟ್ ರೆಗ್ಯುಲರ್ ಇನ್ಸುಲಿನ್ ಜೊತೆಗೆ 25 ಗ್ರಾಂ ಡೆಕ್ಸ್‌ಟ್ರೋಸ್, ಸಾಲ್ಬುಟಮಾಲ್ ನೆಬ್ಯುಲೈಸೇಷನ್, ದೇಹದಿಂದ ಹೊರಹಾಕಲು ಮೂತ್ರವರ್ಧಕ, ರೆಸಿನ್ ಅಥವಾ ಡಯಾಲಿಸಿಸ್. ಕ್ಯಾಲ್ಶಿಯಂ ಕೊಟ್ಟರೆ ಪೊಟ್ಯಾಶಿಯಂ ಇಳಿಯುತ್ತದೆ ಎಂದು ಬರೆಯುವುದು ಪ್ರತಿ ವರ್ಷದ ತಪ್ಪು. ಅದು ಹೃದಯದ ಸ್ನಾಯುವನ್ನು ಕಾಯುತ್ತದೆ, ರಕ್ತದಲ್ಲಿನ ಮಟ್ಟ ಅಷ್ಟೇ ಇರುತ್ತದೆ.

ಪೊಟ್ಯಾಶಿಯಂ ಕ್ಲೋರೈಡ್ ಆಂಪೂಲ್ ನಮ್ಮಲ್ಲಿ 10 ಮಿ.ಲೀ., 15%, ಅದರಲ್ಲಿ 20 ಮಿಲಿ ಇಕ್ವಿವಲೆಂಟ್ ಇರುತ್ತದೆ. ಅದನ್ನು ಎಂದೂ ನೇರವಾಗಿ ನರಕ್ಕೆ ಚುಚ್ಚಬಾರದು. ಬಾಟಲಿಗೆ ಸೇರಿಸಿ, ಬಾಟಲಿಯನ್ನು ಹಲವು ಸಲ ತಲೆಕೆಳಗೆ ಮಾಡಿ ಬೆರೆಸಿ, ಕೈಯ ನರದಲ್ಲಿ ಗಂಟೆಗೆ 10 ಮಿಲಿ ಇಕ್ವಿವಲೆಂಟ್ ಮೀರದಂತೆ ಬಿಡಬೇಕು. ತೂಗುಹಾಕಿರುವ ಬಾಟಲಿಗೆ ಮೇಲಿನಿಂದ ಚುಚ್ಚಿ ಹಾಗೆಯೇ ಬಿಟ್ಟರೆ ಔಷಧಿ ಕೆಳಗೆ ಶೇಖರವಾಗಿ ಮೊದಲ ಕೆಲವು ನಿಮಿಷದಲ್ಲೇ ಗಟ್ಟಿಯಾಗಿ ಹರಿಯುತ್ತದೆ. ಹಾಕುವ ಮೊದಲು ರೋಗಿ ಮೂತ್ರ ಮಾಡುತ್ತಿದ್ದಾರೆಯೇ ಎಂದು ನೋಡಿ. ಕಿಡ್ನಿ ವೈಫಲ್ಯದವರಿಗೆ ಮನೆಯವರು ಪ್ರೀತಿಯಿಂದ ತರುವ ಎಳನೀರೂ ಪೊಟ್ಯಾಶಿಯಂನ ಮೂಲವೇ. ಇದನ್ನು ಅವರಿಗೆ ಬಿಡಿಸಿ ಹೇಳುವುದು ನರ್ಸಿಂಗ್ ಕೆಲಸ.

ಎಬಿಜಿಗೆ (ಅಪಧಮನಿಯ ರಕ್ತದ ಅನಿಲ ಪರೀಕ್ಷೆ) ಮೂರು ಪ್ರಶ್ನೆ ಸಾಕು. ಪಿಎಚ್ ಕಡಿಮೆಯೋ ಹೆಚ್ಚೋ? ಅದಕ್ಕೆ ಕಾರಣ ಶ್ವಾಸಕೋಶವೋ (ಕಾರ್ಬನ್ ಡೈ ಆಕ್ಸೈಡ್ ಪಿಎಚ್‌ನ ವಿರುದ್ಧ ದಿಕ್ಕಿಗೆ ಹೋಗಿರುತ್ತದೆ) ಚಯಾಪಚಯವೋ (ಬೈಕಾರ್ಬನೇಟ್ ಪಿಎಚ್ ಹೋದ ದಿಕ್ಕಿಗೇ ಹೋಗಿರುತ್ತದೆ)? ಇನ್ನೊಂದು ಅಂಗ ಸರಿದೂಗಿಸಲು ಹೊರಟಿದೆಯೇ? ಪಿಎಚ್ 7.27, ಕಾರ್ಬನ್ ಡೈ ಆಕ್ಸೈಡ್ 58, ಬೈಕಾರ್ಬನೇಟ್ 26 ಎಂದರೆ ಉಸಿರಾಟದ ಆಸಿಡೋಸಿಸ್, ಕಿಡ್ನಿ ಇನ್ನೂ ನೆರವಿಗೆ ಬಂದಿಲ್ಲ. ಪಿಎಚ್ 7.29, ಕಾರ್ಬನ್ ಡೈ ಆಕ್ಸೈಡ್ 26, ಬೈಕಾರ್ಬನೇಟ್ 12 ಎಂದರೆ ಮೆಟಬಾಲಿಕ್ ಆಸಿಡೋಸಿಸ್, ಶ್ವಾಸಕೋಶ ಜೋರಾಗಿ ಉಸಿರಾಡಿ ಸರಿದೂಗಿಸುತ್ತಿದೆ. ಸಕ್ಕರೆ ಕಾಯಿಲೆಯ ಕೀಟೋಆಸಿಡೋಸಿಸ್‌ನಲ್ಲಿ ಕಾಣುವ ಆಳವಾದ, ವೇಗದ ಉಸಿರು ಇದೇ. ದಿನಕ್ಕೆ 5 ಲೆಕ್ಕ ಮಾಡಿ, ನಾಲ್ಕು ದಿನದಲ್ಲಿ ಹೆದರಿಕೆ ಹೋಗುತ್ತದೆ.

ದ್ರವಗಳಲ್ಲಿ ಒಂದೇ ಎಚ್ಚರಿಕೆ: 5% ಡೆಕ್ಸ್‌ಟ್ರೋಸ್ ಬಾಟಲಿಯಲ್ಲಿ ಐಸೋಟೋನಿಕ್ (ರಕ್ತದಷ್ಟೇ ಸಾಂದ್ರ), ದೇಹದೊಳಗೆ ಸಕ್ಕರೆ ಬಳಕೆಯಾದ ಮೇಲೆ ಬರಿಯ ನೀರು. ತಲೆಗೆ ಪೆಟ್ಟಾದವರಿಗೆ ಅದು ಮೆದುಳಿನ ಊತ ಹೆಚ್ಚಿಸುತ್ತದೆ.

## ಹಂತ 3: ಒಂದು ಕಾಯಿಲೆ, ಒಂದು ಹಾಳೆ (12 ದಿನ)

ಹಾಳೆಯನ್ನು ಏಳು ಚೌಕ ಮಾಡಿ. ಕ್ರಮ ಹೀಗಿರಲಿ: ಈ ಕಾಯಿಲೆಯಲ್ಲಿ ಜೀವ ತೆಗೆಯುವುದು ಯಾವುದು, ರೋಗಿ ಏನು ಹೇಳುತ್ತಾರೆ, ನಮಗೆ ಏನು ಕಾಣುತ್ತದೆ, ಮೊದಲ 10 ನಿಮಿಷದ ಕೆಲಸ, ಔಷಧಿ ಮತ್ತು ಅದನ್ನು ತಡೆಹಿಡಿಯಬೇಕಾದ ಸಂದರ್ಭ, ಡಾಕ್ಟರಿಗೆ ಯಾವಾಗ ಫೋನ್ ಮಾಡಬೇಕು, ಮನೆಗೆ ಹೋಗುವಾಗ ಏನು ಹೇಳಬೇಕು. ವ್ಯಾಖ್ಯೆ, ಕಾರಣ, ಪ್ಯಾಥೊಫಿಸಿಯಾಲಜಿ ಹಾಳೆಯ ಹಿಂಬದಿಗೆ.

ಹೃದಯಾಘಾತದ ಹಾಳೆ ತುಂಬಿದಾಗ ಹೀಗಿರುತ್ತದೆ. ಜೀವ ತೆಗೆಯುವುದು ವೆಂಟ್ರಿಕ್ಯುಲರ್ ಫಿಬ್ರಿಲೇಷನ್ ಮತ್ತು ಕಾರ್ಡಿಯೋಜೆನಿಕ್ ಶಾಕ್. ರೋಗಿ ‘ಎದೆ ಹಿಡಿದ ಹಾಗಾಗ್ತಿದೆ’ ಎನ್ನಬಹುದು, ‘ಗ್ಯಾಸ್ಟ್ರಿಕ್ ಆಗಿದೆ, ಒಂದು ಮಾತ್ರೆ ಕೊಡಿ’ ಎಂದೂ ಹೇಳಬಹುದು. ಸಕ್ಕರೆ ಕಾಯಿಲೆಯವರಿಗೆ, ವಯಸ್ಸಾದವರಿಗೆ, ಹೆಂಗಸರಿಗೆ ನೋವೇ ಇಲ್ಲದೆ ಬರಿಯ ಬೆವರು, ಸುಸ್ತು, ಏದುಸಿರು ಇರಬಹುದು. ಮೊದಲ 10 ನಿಮಿಷದೊಳಗೆ 12 ಲೀಡ್ ಇಸಿಜಿ ಆಗಬೇಕು. ಮಾನಿಟರ್ ಹಾಕಿ, ಐವಿ ಲೈನ್ ಭದ್ರ ಮಾಡಿ, ಡಿಫಿಬ್ರಿಲೇಟರ್ ಹತ್ತಿರ ತನ್ನಿ. ಆಕ್ಸಿಜನ್ ಪ್ರಮಾಣ 90%ಗಿಂತ ಕಡಿಮೆಯಿದ್ದರೆ ಮಾತ್ರ ಆಮ್ಲಜನಕ. ಆಸ್ಪಿರಿನ್ 325 ಮಿ.ಗ್ರಾಂ ಅಗಿದು ನುಂಗಲು ಕೊಡುವುದು, ನೀರಿನಲ್ಲಿ ಇಡಿಯಾಗಿ ನುಂಗಲು ಅಲ್ಲ. ನೈಟ್ರೇಟ್ (ನೈಟ್ರೊಗ್ಲಿಸರಿನ್ ಈ ಗುಂಪಿನದೇ) ತಡೆಹಿಡಿಯುವುದು ಮೇಲಿನ ಬಿಪಿ 90ಕ್ಕಿಂತ ಕೆಳಗಿದ್ದಾಗ, ಬಲ ವೆಂಟ್ರಿಕಲ್‌ನ ಆಘಾತವಿದ್ದಾಗ, ಕಳೆದ 24 ಗಂಟೆಯಲ್ಲಿ ಸಿಲ್ಡೆನಾಫಿಲ್ ತೆಗೆದುಕೊಂಡಿದ್ದಾಗ. ಮೊದಲ ಪ್ಯಾರಾದ ಪ್ರಶ್ನೆಗೆ ಉತ್ತರ ಇಲ್ಲಿದೆ: ಔಷಧಿ ಕೊಡದೆ ತಡೆಹಿಡಿದು, ಬಿಪಿಯನ್ನು ಮತ್ತೊಮ್ಮೆ ನೋಡಿ, ತಕ್ಷಣ ಡಾಕ್ಟರಿಗೆ ತಿಳಿಸಿ, ದಾಖಲಿಸಬೇಕು.

ರಾಜ್ಯದ ತಾಲ್ಲೂಕು ಆಸ್ಪತ್ರೆಗಳಿಗೂ ಡಾ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯ ಮೂಲಕ ರಕ್ತಗಡ್ಡೆ ಕರಗಿಸುವ ಔಷಧಿ ಟೆನೆಕ್ಟೆಪ್ಲೇಸ್ ಬಂದಿರುವುದರಿಂದ ಅದರ ಚೌಕವನ್ನು ಖಾಲಿ ಬಿಡಬೇಡಿ. ಡೋಸ್ ತೂಕದ ಮೇಲೆ: 60 ಕೆ.ಜಿ.ಗಿಂತ ಕಡಿಮೆಯವರಿಗೆ 30 ಮಿ.ಗ್ರಾಂ, ನಂತರ ಪ್ರತಿ 10 ಕೆ.ಜಿ.ಗೆ 5 ಮಿ.ಗ್ರಾಂ ಏರಿ, 90 ಮತ್ತು ಮೇಲ್ಪಟ್ಟವರಿಗೆ 50. ಒಂದೇ ಸಲಕ್ಕೆ ಬೋಲಸ್. ಲೈನಿನಲ್ಲಿ ಡೆಕ್ಸ್‌ಟ್ರೋಸ್ ಇದ್ದರೆ ಔಷಧಿ ಗಡ್ಡೆಕಟ್ಟುತ್ತದೆ, ಮೊದಲೂ ಕೊನೆಗೂ ನಾರ್ಮಲ್ ಸಲೈನಿನಿಂದ ತೊಳೆಯಬೇಕು. ಕೊಟ್ಟ ಮೇಲೆ ಸ್ನಾಯುವಿಗೆ ಇಂಜೆಕ್ಷನ್ ಬೇಡ. ಪ್ರಜ್ಞೆಯ ಮಟ್ಟ ಬದಲಾದರೆ ಮೆದುಳಿನ ರಕ್ತಸ್ರಾವ ಎಂದೇ ಹಿಡಿದು ಕೂಗು ಹಾಕಿ.

ಉಳಿದ ಕಾಯಿಲೆಗಳನ್ನು ಜೋಡಿ ಮಾಡಿಕೊಳ್ಳಿ. ಎಡ ಹೃದಯ ವೈಫಲ್ಯ–ಬಲ ಹೃದಯ ವೈಫಲ್ಯ, ಆಸ್ತಮಾ–ಸಿಒಪಿಡಿ (ಶ್ವಾಸಕೋಶದ ದೀರ್ಘಕಾಲದ ಅಡಚಣೆಯ ಕಾಯಿಲೆ), ಹೈಪೋಥೈರಾಯ್ಡ್–ಹೈಪರ್‌ಥೈರಾಯ್ಡ್, ಆಡಿಸನ್–ಕುಶಿಂಗ್, ಗ್ಯಾಸ್ಟ್ರಿಕ್ ಅಲ್ಸರ್–ಡುವೊಡಿನಲ್ ಅಲ್ಸರ್. ಒಂದನ್ನು ಓದಿ ವಾರದ ನಂತರ ಇನ್ನೊಂದನ್ನು ಓದಿದರೆ ಎರಡೂ ಕಲಸಿಹೋಗುತ್ತವೆ. ಅಕ್ಕಪಕ್ಕ ಬರೆದರೆ ವ್ಯತ್ಯಾಸ ಕಣ್ಣಿಗೆ ಹೊಡೆಯುತ್ತದೆ.

ಎಚ್ಚರಿಕೆಯ ಚಿಹ್ನೆಗಳಲ್ಲಿ ಹೆಚ್ಚು ಜನ ಎಡವುವುದು ‘ಸುಧಾರಿಸಿದಂತೆ ಕಾಣುವ’ ಚಿಹ್ನೆಯಲ್ಲಿ. ಆಸ್ತಮಾ ರೋಗಿಯ ಎದೆಯ ಸೀಟಿ ಸದ್ದು ನಿಂತು, ಆತ ತೂಕಡಿಸಲು ಶುರು ಮಾಡಿದರೆ ಅದು ಗುಣವಲ್ಲ, ಗಾಳಿಯೇ ಓಡಾಡುತ್ತಿಲ್ಲ. ಅಪೆಂಡಿಸೈಟಿಸ್ ನೋವು ಇದ್ದಕ್ಕಿದ್ದಂತೆ ನಿಂತರೆ ಅದು ಒಡೆದಿರಬಹುದು. ಪ್ಲಾಸ್ಟರ್ ಹಾಕಿದ ಕಾಲಿನಲ್ಲಿ ನಾಡಿ ಸಿಗುತ್ತಿದೆಯೆಂದು ಕಂಪಾರ್ಟ್‌ಮೆಂಟ್ ಸಿಂಡ್ರೋಮ್ (ಒಳಗಿನ ಒತ್ತಡ ಏರಿ ಸ್ನಾಯುವಿಗೆ ರಕ್ತ ಸಿಗದಿರುವುದು) ಇಲ್ಲ ಎನ್ನಬೇಡಿ. ಬೆರಳನ್ನು ನಾವು ಚಾಚಿದಾಗ ಬರುವ ತಡೆಯಲಾರದ ನೋವು ಮೊದಲ ಚಿಹ್ನೆ, ನಾಡಿ ಹೋಗುವುದು ಕೊನೆಗೆ. ಆಗ ಕಾಲನ್ನು ದಿಂಬಿನ ಮೇಲೆ ಎತ್ತಿಡಬಾರದು, ಹೃದಯದ ಮಟ್ಟದಲ್ಲೇ ಇರಲಿ.

ಸಿಒಪಿಡಿಯವರಿಗೆ ಆಮ್ಲಜನಕದ ಗುರಿ 88–92%. ನೂರು ತೋರಿಸಬೇಕೆಂದು ಫ್ಲೋ ಮೀಟರ್ ತಿರುಗಿಸುತ್ತಾ ಹೋದರೆ ಕಾರ್ಬನ್ ಡೈ ಆಕ್ಸೈಡ್ ಏರಿ ರೋಗಿ ಮಂಪರಿಗೆ ಜಾರುತ್ತಾರೆ.

## ಹಂತ 4: ಔಷಧಿಯನ್ನು ಕಾಯಿಲೆಯ ಪಕ್ಕದಲ್ಲೇ ಓದುವುದು

ಇದು ಪ್ರತ್ಯೇಕ ದಿನಗಳ ಕೆಲಸವಲ್ಲ, ಮೂರನೇ ಹಂತದ ಜೊತೆಜೊತೆಗೇ ನಡೆಯಬೇಕು. ಪ್ರತಿ ಔಷಧಿಗೆ ನಾಲ್ಕು ಸಾಲು: ಕೊಡುವ ಮೊದಲು ಏನು ನೋಡಬೇಕು, ಯಾವಾಗ ಕೊಡಬಾರದು, ಕೊಟ್ಟ ಮೇಲೆ ಏನು ಗಮನಿಸಬೇಕು, ಆಂಟಿಡೋಟ್ ಯಾವುದು.

ವಾರ್ಡಿನಲ್ಲಿ ನಮ್ಮ ಬಾಯಿಗೆ ಬ್ರ್ಯಾಂಡ್ ಹೆಸರೇ ಬರುತ್ತದೆ, ಪ್ರಶ್ನೆಪತ್ರಿಕೆಯಲ್ಲಿ ಜೆನೆರಿಕ್ ಇರುತ್ತದೆ. ಲ್ಯಾಸಿಕ್ಸ್ ಎಂದರೆ ಫ್ಯುರೊಸೆಮೈಡ್, ಎಮೆಸೆಟ್ ಎಂದರೆ ಒಂಡಾನ್‌ಸೆಟ್ರಾನ್, ಕ್ಲೆಕ್ಸೇನ್ ಎಂದರೆ ಇನಾಕ್ಸಪರಿನ್. ಎರಡನ್ನೂ ಜೊತೆಗೆ ಬರೆಯಿರಿ.

ಡಿಗಾಕ್ಸಿನ್: ಎದೆಯ ಮೇಲೆ ಸ್ಟೆತಸ್ಕೋಪ್ ಇಟ್ಟು ಪೂರ್ತಿ 1 ನಿಮಿಷ ಎಣಿಸಿ, 60ಕ್ಕಿಂತ ಕಡಿಮೆಯಿದ್ದರೆ ತಡೆಹಿಡಿದು ತಿಳಿಸಿ. ಊಟ ಸೇರದಿರುವುದು, ವಾಕರಿಕೆ, ಹಳದಿ-ಹಸಿರಾಗಿ ಕಾಣುವುದು ವಿಷವೇರಿದ ಸೂಚನೆ. ಜೊತೆಗೆ ಫ್ಯುರೊಸೆಮೈಡ್ ನಡೆಯುತ್ತಿದ್ದರೆ ಪೊಟ್ಯಾಶಿಯಂ ಇಳಿದು ಈ ವಿಷ ಇನ್ನಷ್ಟು ಬೇಗ ಏರುತ್ತದೆ. ಎರಡು ಹಾಳೆ ಒಂದಕ್ಕೊಂದು ಕೊಂಡಿ ಹಾಕಿಕೊಳ್ಳುವುದು ಹೀಗೆ.

ಹೆಪರಿನ್–ವಾರ್ಫರಿನ್: ಹೆಪರಿನ್‌ಗೆ ನೋಡುವ ರಕ್ತಪರೀಕ್ಷೆ ಎಪಿಟಿಟಿ, ಆಂಟಿಡೋಟ್ ಪ್ರೋಟಮಿನ್ ಸಲ್ಫೇಟ್. ವಾರ್ಫರಿನ್‌ಗೆ ಐಎನ್‌ಆರ್, ಆಂಟಿಡೋಟ್ ವಿಟಮಿನ್ ಕೆ. ನಮ್ಮಲ್ಲಿ ಹೆಪರಿನ್ 5 ಮಿ.ಲೀ. ವಯಲ್‌ಗಳು ಮಿ.ಲೀ.ಗೆ 1,000 ಮತ್ತು 5,000 ಯೂನಿಟ್ ಎರಡೂ ಬಗೆಯಲ್ಲಿ ಸಿಗುತ್ತವೆ. ಲೇಬಲ್ ಓದದೆ ಎಳೆದರೆ ಐದು ಪಟ್ಟು ವ್ಯತ್ಯಾಸ. ಇನಾಕ್ಸಪರಿನ್ ಪೂರ್ವತುಂಬಿದ ಸಿರಿಂಜ್‌ನಲ್ಲಿರುವ ಗಾಳಿಗುಳ್ಳೆಯನ್ನು ಹೊರಹಾಕಬೇಡಿ. ಹೊಕ್ಕಳಿನಿಂದ 5 ಸೆಂ.ಮೀ. ದೂರದಲ್ಲಿ ಚರ್ಮ ಹಿಡಿದು ನೇರವಾಗಿ ಚುಚ್ಚಿ, ಆಮೇಲೆ ಉಜ್ಜಬೇಡಿ.

ಇನ್ಸುಲಿನ್‌ಗೆ ಒಂದು ಸಂಜೆ ಪೂರ್ತಿ ಮೀಸಲಿಡಿ. ವಿದೇಶಿ ಪುಸ್ತಕಗಳಲ್ಲಿ ಎಲ್ಲವೂ ಮಿ.ಲೀ.ಗೆ 100 ಯೂನಿಟ್. ನಮ್ಮ ವಾರ್ಡುಗಳಲ್ಲಿ 40 ಯೂನಿಟ್‌ನ ವಯಲ್‌ಗಳೂ ಇವೆ, 100 ಯೂನಿಟ್‌ನ ವಯಲ್, ಪೆನ್, ಕಾರ್ಟ್ರಿಜ್‌ಗಳೂ ಇವೆ. 40ರ ಸಿರಿಂಜ್‌ಗೆ ಕೆಂಪು ಮುಚ್ಚಳ, 100ರದ್ದಕ್ಕೆ ಕಿತ್ತಳೆ. 100 ಯೂನಿಟ್‌ನ ಇನ್ಸುಲಿನ್ ಅನ್ನು ಕೆಂಪು ಮುಚ್ಚಳದ ಸಿರಿಂಜ್‌ನಲ್ಲಿ 20ರ ಗೆರೆವರೆಗೆ ಎಳೆದರೆ ಒಳಗೆ ಬರುವುದು ಅರ್ಧ ಮಿ.ಲೀ., ಅಂದರೆ 50 ಯೂನಿಟ್. ಉಲ್ಟಾ ಮಾಡಿದರೆ 20ರ ಬದಲು 8 ಯೂನಿಟ್. ಒಂದರಲ್ಲಿ ರೋಗಿ ಪ್ರಜ್ಞೆ ತಪ್ಪುತ್ತಾರೆ, ಇನ್ನೊಂದರಲ್ಲಿ ಸಕ್ಕರೆ ಯಾಕೆ ಇಳಿಯುತ್ತಿಲ್ಲ ಎಂದು ಡೋಸ್ ಏರಿಸುತ್ತಲೇ ಹೋಗುತ್ತೇವೆ. ವಯಲ್ ಮೇಲಿನ ಅಂಕಿ, ಸಿರಿಂಜ್ ಮೇಲಿನ ಅಂಕಿ ಎರಡನ್ನೂ ಬಾಯಿಬಿಟ್ಟು ಓದುವ ಅಭ್ಯಾಸ ಈಗಲೇ ಮಾಡಿಕೊಳ್ಳಿ.

ರೆಗ್ಯುಲರ್ (ತಿಳಿಯಾದದ್ದು) ಮತ್ತು ಎನ್‌ಪಿಎಚ್ (ಮಸುಕಾದದ್ದು) ಇನ್ಸುಲಿನ್ ಬೆರೆಸುವಾಗ ಗಾಳಿಯನ್ನು ಮೊದಲು ಮಸುಕಾದ ವಯಲ್‌ಗೆ, ನಂತರ ತಿಳಿಯಾದ ವಯಲ್‌ಗೆ ಹಾಕಿ. ಎಳೆಯುವಾಗ ತಿಳಿಯಾದದ್ದು ಮೊದಲು, ಮಸುಕಾದದ್ದು ಆಮೇಲೆ. ಗ್ಲಾರ್ಜಿನ್ ತಿಳಿಯಾಗಿದ್ದರೂ ಯಾವುದರ ಜೊತೆಗೂ ಬೆರೆಸುವಂತಿಲ್ಲ. ಸಕ್ಕರೆ 70ಕ್ಕಿಂತ ಇಳಿದು ರೋಗಿ ಎಚ್ಚರವಿದ್ದರೆ 15 ಗ್ರಾಂ ಸಕ್ಕರೆ (3 ಟೀ ಚಮಚ) ಕೊಟ್ಟು 15 ನಿಮಿಷದ ನಂತರ ಮತ್ತೆ ಪರೀಕ್ಷಿಸಿ. ಎಚ್ಚರವಿಲ್ಲದವರ ಬಾಯಿಗೆ ಏನೂ ಹಾಕಬೇಡಿ, 25% ಡೆಕ್ಸ್‌ಟ್ರೋಸ್ ನರದ ಮೂಲಕ ಹೋಗಬೇಕು.

ಕೀಟೋಆಸಿಡೋಸಿಸ್‌ನಲ್ಲಿ ಕ್ರಮವೇ ಉತ್ತರ: ಮೊದಲು ನಾರ್ಮಲ್ ಸಲೈನ್, ಪೊಟ್ಯಾಶಿಯಂ ನೋಡಿದ ಮೇಲೆ ಇನ್ಸುಲಿನ್ ಗಂಟೆಗೆ ಕೆ.ಜಿ.ಗೆ 0.1 ಯೂನಿಟ್. ಪೊಟ್ಯಾಶಿಯಂ 3.5ಕ್ಕಿಂತ ಕೆಳಗಿದ್ದರೆ (ಹಳೆಯ ಪುಸ್ತಕಗಳಲ್ಲಿ 3.3) ಇನ್ಸುಲಿನ್ ಕಾಯಬೇಕು, ಇಲ್ಲದಿದ್ದರೆ ಉಳಿದ ಪೊಟ್ಯಾಶಿಯಂ ಕೂಡ ಜೀವಕೋಶದೊಳಗೆ ಹೋಗಿ ಹೃದಯ ನಿಲ್ಲುತ್ತದೆ.

## ಹಂತ 5: ಲೆಕ್ಕ (ದಿನಕ್ಕೆ 15 ನಿಮಿಷ, ಕೊನೆಯವರೆಗೂ)

ಹನಿ ಲೆಕ್ಕದ ಸೂತ್ರ ಎಲ್ಲರಿಗೂ ಗೊತ್ತು: ಮಿ.ಲೀ.ಯನ್ನು ಹನಿ ಅಂಶದಿಂದ ಗುಣಿಸಿ ನಿಮಿಷದಿಂದ ಭಾಗಿಸುವುದು. ತಪ್ಪುವುದು ಹನಿ ಅಂಶದಲ್ಲಿ. ನಮ್ಮ ಸಾಮಾನ್ಯ ಐವಿ ಸೆಟ್‌ಗಳಲ್ಲಿ ಹೆಚ್ಚಿನವು ಮಿ.ಲೀ.ಗೆ 20 ಹನಿ. ಅಮೆರಿಕದ ಪುಸ್ತಕದ ಲೆಕ್ಕ 10 ಅಥವಾ 15ರಲ್ಲಿರುತ್ತದೆ. ಸೆಟ್‌ನ ಕವರ್ ಮೇಲೆ ಮುದ್ರಿಸಿರುವುದನ್ನೇ ನೋಡಿ. 1,000 ಮಿ.ಲೀ. 8 ಗಂಟೆಯಲ್ಲಿ, 20ರ ಸೆಟ್: 20,000 ÷ 480 = ನಿಮಿಷಕ್ಕೆ 42 ಹನಿ. ಮೈಕ್ರೋ ಸೆಟ್‌ನಲ್ಲಿ ಗಂಟೆಗೆ ಎಷ್ಟು ಮಿ.ಲೀ.ಯೋ ನಿಮಿಷಕ್ಕೆ ಅಷ್ಟೇ ಹನಿ.

ಡೋಪಮಿನ್ 200 ಮಿ.ಗ್ರಾಂ ಅನ್ನು 50 ಮಿ.ಲೀ.ಗೆ ತಂದರೆ ಮಿ.ಲೀ.ಗೆ 4,000 ಮೈಕ್ರೋಗ್ರಾಂ. 60 ಕೆ.ಜಿ. ರೋಗಿಗೆ ನಿಮಿಷಕ್ಕೆ ಕೆ.ಜಿ.ಗೆ 5 ಮೈಕ್ರೋಗ್ರಾಂ ಎಂದರೆ ಗಂಟೆಗೆ 5 × 60 × 60 = 18,000; ಭಾಗಿಸಿದರೆ ಪಂಪ್‌ನಲ್ಲಿ ಗಂಟೆಗೆ 4.5 ಮಿ.ಲೀ.

ಸುಟ್ಟಗಾಯದ ಪಾರ್ಕ್‌ಲ್ಯಾಂಡ್ ಲೆಕ್ಕ: 4 ಮಿ.ಲೀ. × ತೂಕ × ಸುಟ್ಟ ಶೇಕಡಾ. 60 ಕೆ.ಜಿ., 30% ಎಂದರೆ 7,200 ಮಿ.ಲೀ. ರಿಂಗರ್ ಲ್ಯಾಕ್ಟೇಟ್, ಅದರ ಅರ್ಧ 3,600 ಮೊದಲ 8 ಗಂಟೆಯಲ್ಲಿ. ಆ 8 ಗಂಟೆ ಸುಟ್ಟ ಹೊತ್ತಿನಿಂದ ಶುರು, ಆಸ್ಪತ್ರೆಗೆ ಬಂದ ಹೊತ್ತಿನಿಂದಲ್ಲ. 2 ಗಂಟೆ ತಡವಾಗಿ ಬಂದಿದ್ದರೆ 3,600 ಅನ್ನು 6 ಗಂಟೆಯಲ್ಲಿ ಕೊಡಬೇಕು, ಗಂಟೆಗೆ 600. ಸುಟ್ಟ ಶೇಕಡಾ ಎಣಿಸುವಾಗ ಬರಿ ಕೆಂಪಾದ ಚರ್ಮವನ್ನು ಸೇರಿಸಬೇಡಿ.

## ಹಂತ 6: ಸರ್ಜರಿ ರೋಗಿಯನ್ನು ಗಡಿಯಾರದ ಜೊತೆ ಓದಿ (4 ದಿನ)

ಒಂದು ಉದ್ದ ಗೆರೆ ಎಳೆದು ಗಂಟೆ, ದಿನ ಗುರುತಿಸಿ. ಮೊದಲ ಗಂಟೆ ಪ್ರತಿ 15 ನಿಮಿಷಕ್ಕೆ ವೈಟಲ್ಸ್. ನೋಡುವುದು ಶ್ವಾಸನಾಳ, ರಕ್ತಸ್ರಾವ. ನಾಡಿ ಏರುವುದು ಮೊದಲು, ಬಿಪಿ ಬೀಳುವುದು ಆಮೇಲೆ; ಬಿಪಿಗಾಗಿ ಕಾಯುವವರು ತಡವಾಗುತ್ತಾರೆ. 6–8 ಗಂಟೆಯಾದರೂ ಮೂತ್ರವಾಗದಿದ್ದರೆ ಹೊಟ್ಟೆಯ ಕೆಳಭಾಗ ಮುಟ್ಟಿ ನೋಡಿ. ಮೊದಲ ಎರಡು ದಿನದ ಜ್ವರಕ್ಕೆ ಶ್ವಾಸಕೋಶ, ಮೂರನೇ ದಿನದ ಸುಮಾರಿಗೆ ಮೂತ್ರದ ಸೋಂಕು, ಐದರ ನಂತರ ಗಾಯ ಎಂದು ಯೋಚಿಸುವುದು ರೂಢಿ. ಕಾಲಿನ ನರದ ರಕ್ತಗಡ್ಡೆ ವಾರದ ಆಸುಪಾಸು.

ಹೊಲಿಗೆ ಬಿಚ್ಚಿ ಕರುಳು ಹೊರಬಂದರೆ ಒಳಗೆ ತಳ್ಳಬೇಡಿ. ರೋಗಿಯನ್ನು ಬಿಟ್ಟುಹೋಗದೆ ಸಹಾಯ ಕರೆದು, ಸಲೈನಿನಲ್ಲಿ ನೆನೆಸಿದ ಸ್ಟೆರೈಲ್ ಡ್ರೆಸಿಂಗ್ ಮುಚ್ಚಿ, ಮಂಡಿ ಮಡಿಸಿ ತಲೆ ಸ್ವಲ್ಪ ಎತ್ತಿ ಮಲಗಿಸಿ, ಬಾಯಿಗೆ ಏನೂ ಕೊಡದೆ ಆಪರೇಷನ್‌ಗೆ ಸಿದ್ಧಮಾಡಿ.

ಥೈರಾಯ್ಡ್ ಆಪರೇಷನ್ ಆದವರ ಡ್ರೆಸಿಂಗ್ ಮುಂದೆ ಒಣಗಿದ್ದರೂ ಕತ್ತಿನ ಹಿಂದೆ ಕೈಹಾಕಿ ನೋಡಿ, ರಕ್ತ ಅಲ್ಲಿಗೆ ಇಳಿಯುತ್ತದೆ. ‘ತುಟಿ ಸುತ್ತ ಜುಮ್ ಅನ್ನುತ್ತೆ’ ಎಂದರೆ ಕ್ಯಾಲ್ಶಿಯಂ ಇಳಿಯುತ್ತಿದೆ. ಟ್ರೆಕಿಯಾಸ್ಟಮಿ ಸೆಟ್ ಮತ್ತು ಕ್ಯಾಲ್ಶಿಯಂ ಗ್ಲುಕೋನೇಟ್ ಹಾಸಿಗೆಯ ಪಕ್ಕದಲ್ಲೇ ಇರಬೇಕು.

ಐಸಿಡಿ (ಎದೆಯೊಳಗಿನ ಗಾಳಿ, ದ್ರವ ಹೊರತೆಗೆಯುವ ಕೊಳವೆ) ಬಾಟಲಿಯಲ್ಲಿ ಕೊಳವೆ ನೀರಿನೊಳಗೆ ಸುಮಾರು 2 ಸೆಂ.ಮೀ. ಮುಳುಗಿರಬೇಕು, ಬಾಟಲಿ ಎದೆಯ ಮಟ್ಟಕ್ಕಿಂತ ಕೆಳಗಿರಬೇಕು. ಉಸಿರಿನ ಜೊತೆ ನೀರು ಏರಿಳಿಯುವುದು ಸಹಜ. ಬಿಡದೆ ಗುಳ್ಳೆ ಬರುತ್ತಿದ್ದರೆ ಎಲ್ಲೋ ಗಾಳಿ ಸೋರುತ್ತಿದೆ. ಎಕ್ಸ್‌ರೇಗೆ ಕರೆದೊಯ್ಯುವಾಗ ಕ್ಲ್ಯಾಂಪ್ ಹಾಕುವುದು ಬಹಳ ಕಡೆ ಕಾಣುವ ತಪ್ಪು, ಟೆನ್ಷನ್ ನ್ಯುಮೋಥೊರಾಕ್ಸ್‌ಗೆ ಅದೇ ದಾರಿ.

ರಕ್ತ ಕೊಡುವಾಗ ಮೊದಲ 15 ನಿಮಿಷ ರೋಗಿಯ ಬಳಿಯೇ ಇರಿ. ಜೊತೆಗೆ ನಾರ್ಮಲ್ ಸಲೈನ್ ಬಿಟ್ಟು ಬೇರೆ ದ್ರವ ಬೇಡ. 4 ಗಂಟೆಯೊಳಗೆ ಮುಗಿಯಬೇಕು. ಚಳಿ, ಸೊಂಟನೋವು, ಕೆಂಪು ಮೂತ್ರ ಕಂಡರೆ ಮೊದಲ ಕೆಲಸ ನಿಲ್ಲಿಸುವುದು. ಆಮೇಲೆ ಸೆಟ್ ಬದಲಿಸಿ ಸಲೈನ್ ಹಾಕಿ, ತಿಳಿಸಿ, ಬ್ಯಾಗನ್ನು ರಕ್ತನಿಧಿಗೆ ಕಳಿಸಿ. ಅನೇಕರು ‘ಡಾಕ್ಟರಿಗೆ ತಿಳಿಸುವುದು’ ಎಂದು ಮೊದಲು ಬರೆದು ಅಂಕ ಕಳೆದುಕೊಳ್ಳುತ್ತಾರೆ.

## ಹಂತ 7: ಹೊರದೇಶದ ಪುಸ್ತಕದಲ್ಲಿ ಸಿಗದ, ನಮ್ಮ ವಾರ್ಡಿನಲ್ಲಿ ತುಂಬಿರುವ ಕಾಯಿಲೆಗಳು (4 ದಿನ)

ಹಾವು ಕಡಿತ: ಕರ್ನಾಟಕದಲ್ಲಿ 2024ರಿಂದ ಇದು ಕಡ್ಡಾಯವಾಗಿ ವರದಿ ಮಾಡಬೇಕಾದ ವಿಷಯ. ನಮ್ಮಲ್ಲಿ ಸಿಗುವ ಆಂಟಿವೆನಮ್ ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಈ ನಾಲ್ಕರ ವಿಷಕ್ಕೆ. ಕೊಳಕುಮಂಡಲ ಕಡಿದರೆ ಊತ, ರಕ್ತಸ್ರಾವ, ಕಿಡ್ನಿಗೆ ಪೆಟ್ಟು. ಕಟ್ಟುಹಾವು ರಾತ್ರಿ ನೆಲದಲ್ಲಿ ಮಲಗಿದವರನ್ನು ನೋವೇ ಗೊತ್ತಾಗದಂತೆ ಕಡಿಯುತ್ತದೆ; ಬೆಳಗಿನ ಜಾವ ಹೊಟ್ಟೆನೋವು, ಜೋತುಬಿದ್ದ ರೆಪ್ಪೆ ಇದ್ದರೆ ಅದನ್ನೇ ಮೊದಲು ನೆನೆಯಿರಿ. ರಕ್ತ ಹೆಪ್ಪುಗಟ್ಟುವ ಪರೀಕ್ಷೆಗೆ 2 ಮಿ.ಲೀ. ರಕ್ತವನ್ನು ಹೊಸದಾದ, ಶುದ್ಧ, ಒಣ ಗಾಜಿನ ಕೊಳವೆಯಲ್ಲಿ 20 ನಿಮಿಷ ಅಲ್ಲಾಡಿಸದೆ ಇಡಿ. ಪ್ಲಾಸ್ಟಿಕ್ ಕೊಳವೆ, ಡಿಟರ್ಜೆಂಟ್‌ನಲ್ಲಿ ತೊಳೆದ ಗಾಜು ಎರಡೂ ಫಲಿತಾಂಶ ಕೆಡಿಸುತ್ತವೆ. ಆಂಟಿವೆನಮ್‌ಗೆ ಟೆಸ್ಟ್ ಡೋಸ್ ಬೇಡ. ಅಡ್ರಿನಲಿನ್ ಎಳೆದಿಟ್ಟುಕೊಂಡು ಶುರು ಮಾಡಬೇಕು. ಮಕ್ಕಳಿಗೂ ದೊಡ್ಡವರಷ್ಟೇ ವಯಲ್, ಏಕೆಂದರೆ ಒಳಗೆ ಹೋದ ವಿಷ ಅಷ್ಟೇ.

ಕೀಟನಾಶಕ ಸೇವನೆ: ಜೊಲ್ಲು, ಬೆವರು, ಸಣ್ಣ ಪಾಪೆ, ನಿಧಾನ ನಾಡಿ, ಎದೆ ತುಂಬಾ ಕಫ ಎಂದರೆ ಆರ್ಗನೋಫಾಸ್ಫೇಟ್. ಅಟ್ರೋಪಿನ್ ಆಂಪೂಲ್ 0.6 ಮಿ.ಗ್ರಾಂ, ಪ್ರತಿ 5 ನಿಮಿಷಕ್ಕೆ ದುಪ್ಪಟ್ಟು ಮಾಡುತ್ತಾ ಹೋಗುವುದು ಎದೆ ಒಣಗುವವರೆಗೆ, ನಾಡಿ 80 ದಾಟುವವರೆಗೆ. ಪಾಪೆ ಹಿಗ್ಗಿತೆಂದು ನಿಲ್ಲಿಸುವುದು ತಪ್ಪು. ಬಟ್ಟೆ ತೆಗೆದು ಮೈ ತೊಳೆಯುವಾಗ ನಿಮ್ಮ ಕೈಗೆ ಗ್ಲೌಸ್ ಇರಲಿ. ಒಂದರಿಂದ ನಾಲ್ಕು ದಿನದೊಳಗೆ ಕತ್ತು ಎತ್ತಲಾಗದಿದ್ದರೆ ಉಸಿರಾಟದ ಸ್ನಾಯು ಸೋಲುವ ಮುನ್ಸೂಚನೆ.

ಕ್ಷಯ: ನಮ್ಮ ರಾಷ್ಟ್ರೀಯ ಕಾರ್ಯಕ್ರಮದಲ್ಲಿ 2 ತಿಂಗಳು ನಾಲ್ಕು ಔಷಧಿ, ನಂತರ 4 ತಿಂಗಳು ಐಸೋನಿಯಾಜಿಡ್, ರಿಫಾಂಪಿಸಿನ್, ಇಥಾಂಬುಟಾಲ್. ಅಮೆರಿಕದ ಪುಸ್ತಕದಂತೆ ಇಥಾಂಬುಟಾಲ್ ಬಿಟ್ಟು ಬರೆದರೆ ಅಂಕ ಹೋಗುತ್ತದೆ. ವಾರಕ್ಕೆ ಮೂರು ದಿನದ ಹಳೆಯ ಪದ್ಧತಿ 2017ರಲ್ಲೇ ಹೋಗಿದೆ, ಈಗ ಪ್ರತಿದಿನ. ರಿಫಾಂಪಿಸಿನ್‌ನಿಂದ ಮೂತ್ರ ಕಿತ್ತಳೆಯಾಗುತ್ತದೆಂದು ಮೊದಲೇ ಹೇಳಿ, ಇಲ್ಲದಿದ್ದರೆ ಹೆದರಿ ಮಾತ್ರೆ ಬಿಡುತ್ತಾರೆ. ಕಣ್ಣು ಮಂಜಾದರೆ ಇಥಾಂಬುಟಾಲ್, ಕೈಕಾಲು ಜೋಮು ಹಿಡಿದರೆ ಐಸೋನಿಯಾಜಿಡ್.

ಡೆಂಗಿ: ಎಲ್ಲರ ಕಣ್ಣೂ ಪ್ಲೇಟ್‌ಲೆಟ್ ಮೇಲೆ. ಅಪಾಯ ಇರುವುದು ರಕ್ತನಾಳದಿಂದ ದ್ರವ ಸೋರುವುದರಲ್ಲಿ. ಜ್ವರ ಇಳಿದ ನಂತರದ 24–48 ಗಂಟೆಯೇ ಕಠಿಣ ಘಟ್ಟ. ಹೆಮಟೊಕ್ರಿಟ್ ಏರುವುದು, ಬಿಡದ ವಾಂತಿ, ಹೊಟ್ಟೆನೋವು, ಮಂಕು, ತಣ್ಣನೆಯ ಕೈಕಾಲು ಕಂಡರೆ ಕಾಯಬೇಡಿ. ಆಸ್ಪಿರಿನ್, ಐಬುಪ್ರೊಫೆನ್ ಬೇಡ.

## ಹಂತ 8: ‘ಮೊದಲು ಯಾರನ್ನು ನೋಡುತ್ತೀರಿ?’ (1 ವಾರ)

ದಿನಕ್ಕೆ 40 ಬಹುಆಯ್ಕೆ ಪ್ರಶ್ನೆ, ವಿಷಯ ಕಲಸಿದವು. ಶ್ವಾಸನಾಳ, ಉಸಿರು, ರಕ್ತಚಲನೆ ಎಂಬ ಕ್ರಮ ಮೊದಲ ಜರಡಿ. ಎರಡನೆಯದು, ಹೊಸದಾಗಿ ಕಾಣಿಸಿಕೊಂಡದ್ದು ಹಳೆಯದಕ್ಕಿಂತ ಮುಂದೆ: ಹತ್ತು ವರ್ಷದ ಸಿಒಪಿಡಿಯವರ 90% ಗಿಂತ, ನಿನ್ನೆ ಆಪರೇಷನ್ ಆದವರ ಹೊಸ ಗೊಂದಲ ಮೊದಲು. ಮೂರನೆಯದು, ಪರೀಕ್ಷಿಸುವುದು ಮೊದಲೋ ಕೆಲಸ ಮೊದಲೋ? ಪ್ರಶ್ನೆಯಲ್ಲೇ ಸಾಕಷ್ಟು ಮಾಹಿತಿ ಕೊಟ್ಟಿದ್ದರೆ ಕೆಲಸ, ಕೊಟ್ಟಿಲ್ಲವಾದರೆ ಪರೀಕ್ಷೆ.

ತಪ್ಪಿದ ಪ್ರತಿ ಪ್ರಶ್ನೆಗೆ ಚಿಕ್ಕ ನೋಟ್‌ಬುಕ್‌ನಲ್ಲಿ ಒಂದು ಸಾಲು: ಗೊತ್ತಿರಲಿಲ್ಲವೋ, ಓದುವಾಗ ‘ಹೊರತುಪಡಿಸಿ’ ಎಂಬ ಪದ ತಪ್ಪಿತೋ, ಎರಡರ ನಡುವೆ ತೂಗಿ ತಪ್ಪಿತೋ. ಮೂರನೇ ದಿನಕ್ಕೆ ನಿಮ್ಮ ರೋಗ ಯಾವುದೆಂದು ನಿಮಗೇ ತಿಳಿಯುತ್ತದೆ. ಗೊತ್ತಿಲ್ಲದ್ದಕ್ಕೆ ಆ ಹಾಳೆಗೆ ಮರಳಿ. ಅವಸರದ ತಪ್ಪಿಗೆ ಪ್ರಶ್ನೆಯ ಕೊನೆಯ ಸಾಲನ್ನು ಮೊದಲು ಓದಿ.

## ಹಂತ 9: ಉತ್ತರ ಬರೆಯುವುದು

ಕನ್ನಡ ಮಾಧ್ಯಮದಿಂದ ಬಂದವರಿಗೆ ಇಂಗ್ಲಿಷ್ ಪೇಪರ್ ಭಾರ ನಿಜ. ಹಾಳೆಯ ಮೇಲೆ ಅರ್ಥವನ್ನು ಕನ್ನಡದಲ್ಲೇ ಬರೆದುಕೊಳ್ಳಿ, ಪಾರಿಭಾಷಿಕ ಪದವನ್ನು ಇಂಗ್ಲಿಷಿನಲ್ಲೇ ಉಳಿಸಿ. ಉತ್ತರಕ್ಕೆ ಚಿಕ್ಕ ವಾಕ್ಯ ಸಾಕು, ಒಂದು ವಾಕ್ಯದಲ್ಲಿ ಒಂದು ಕೆಲಸ.

ಕೇರ್ ಪ್ಲಾನ್‌ನಲ್ಲಿ ನರ್ಸಿಂಗ್ ಡಯಾಗ್ನೋಸಿಸ್ ಎಂದು ‘ನ್ಯುಮೋನಿಯಾ’ ಬರೆಯಬೇಡಿ, ಅದು ಡಾಕ್ಟರ ಡಯಾಗ್ನೋಸಿಸ್. ಕಫ ಹೊರಬರದೆ ಶ್ವಾಸನಾಳ ಕಟ್ಟಿರುವುದು, ಅದಕ್ಕೆ ಕಾರಣ, ಅದರ ಪುರಾವೆಯಾಗಿ ಉಸಿರಿನ ಸಂಖ್ಯೆ ಮತ್ತು ಎದೆಯ ಸದ್ದು – ಹೀಗೆ ಬರೆಯಿರಿ. ಗುರಿಯಲ್ಲಿ ಅಂಕಿ, ಅವಧಿ ಎರಡೂ ಇರಲಿ: ‘24 ಗಂಟೆಯೊಳಗೆ ಉಸಿರು ನಿಮಿಷಕ್ಕೆ 20ರೊಳಗೆ’. ‘ರೋಗಿಗೆ ಆರಾಮವಾಗುತ್ತದೆ’ ಎಂಬುದನ್ನು ಯಾರೂ ಅಳೆಯಲಾರರು. ನರ್ಸಿಂಗ್ ಇಂಟರ್‌ವೆನ್ಷನ್‌ನ ಪ್ರತಿ ಸಾಲಿಗೂ ‘ಏಕೆ’ ಎಂಬ ಕಾರಣ ಪಕ್ಕದಲ್ಲಿರಲಿ.

ಕೊನೆಯ ಮೂರು ದಿನ ಹೊಸದೇನೂ ಬೇಡ. ಬೆಳಿಗ್ಗೆ ಹಂತ 1ರ ಅಂಕಿಗಳನ್ನು ಖಾಲಿ ಹಾಳೆಗೆ ಇಳಿಸಿ, ಮಧ್ಯಾಹ್ನ ತಪ್ಪಿನ ನೋಟ್‌ಬುಕ್ ಓದಿ, ಸಂಜೆ ಐದು ಹಾಳೆಗಳ ನಾಲ್ಕನೇ ಚೌಕವನ್ನು ಮಾತ್ರ ಗೆಳತಿಗೋ ಗೆಳೆಯನಿಗೋ ಜೋರಾಗಿ ಹೇಳಿ. ನೈಟ್ ಡ್ಯೂಟಿ ಇದ್ದರೆ ಮುಗಿಸಿ ಬಂದ ಮೇಲೆ ಮೊದಲು ನಿದ್ದೆ, ಆಮೇಲೆ ಹಾಳೆ.